ಕೇಳಿದಷ್ಟೂ ಇಲ್ಲ

ವರ್ತೂರು
20 ಜನವರಿ 2025

ಯಮುನಾ,

ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ಇರಲಿ. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಕಾಗದ. ಕ್ಷೇಮ ಸಮಾಚಾರದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ ಅಷ್ಟನ್ನು ಬಿಟ್ಟಿದ್ದೇನೆ.

ಆವತ್ತು ಫೋನಿನಲ್ಲಿ ಕಿರುಚಿದೆ, ನಿಜ. ನಿನಗೆ ಹಲೋ ಅನ್ನುವುದಕ್ಕೂ ಬಿಡಲಿಲ್ಲ. ಈಗ ಮೊದಲಿನಿಂದ ಹೇಳುತ್ತೇನೆ.

ಡಿಸೆಂಬರ್ ನಾಲ್ಕಕ್ಕೆ ಮಗಳು ಹುಟ್ಟಿದಳು. ಆ ಆಸ್ಪತ್ರೆಯನ್ನು ಆರಿಸಿದವಳು ನಾನೇ. ಕಡತಗಳನ್ನು ಕೂಡಿಡುವ ನಮ್ಮ ಕಂಪನಿಯ ಸ್ಟೋರೇಜನ್ನು ಮೊದಲು ಹಾಕಿಸಿಕೊಂಡ ಗಿರಾಕಿ ಎಂಬ ಹೆಮ್ಮೆ ಬೇರೆ. ಮೂರನೆಯ ದಿನ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆದರು. ಎಲ್ಲ ಕೂಸುಗಳಿಗೂ ಮಾಡುವ ಪರೀಕ್ಷೆ, ಥೈರಾಯ್ಡ್ ಸರಿಯಿದೆಯೇ ಎಂದು. ನಾನು ಎಂಥವಳು ನಿನಗೆ ಗೊತ್ತು. ಕಾಲೇಜಿನಲ್ಲಿ ರಿಸಲ್ಟಿನ ಹಿಂದಿನ ದಿನವೇ ನೋಟಿಸ್ ಬೋರ್ಡಿನ ಮುಂದೆ ಹೋಗಿ ನಿಲ್ಲುತ್ತಿದ್ದವಳು. ಅದೇ ಸಂಜೆ ಕೌಂಟರಿಗೆ ಹೋಗಿ ಕೇಳಿದೆ. ಅಲ್ಲಿ ರಾಣಿ ಅಂತ ಒಬ್ಬ ಹುಡುಗಿ.

"ನಾಲ್ಕು ದಿನ ಆಗತ್ತೆ ಮೇಡಂ," ಅಂದಳು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಇರ್ಲಿ, ನಿಮ್ ಮಗು ನಂಬರು ಕಾಯೋ ಲಿಸ್ಟಿಗೆ ಹಾಕಿರ್ತೀನಿ. ಕಂಪ್ಯೂಟ್ರೇ ನಿಮಿಷಕ್ಕೊಂದ್ಸಲ ನೋಡ್ತಾ ಇರತ್ತೆ. ಬಂದ ತಕ್ಷಣ ಹಸಿರಾಗತ್ತೆ."

ನಾನು ಅವಳ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದೆ ಕಣೇ. ಕೈ ಹಿಡಿದುಕೊಂಡು.

ಹಸಿರಾಗಲಿಲ್ಲ. ಹತ್ತನೆಯ ತಾರೀಕಿಗೇ ಲ್ಯಾಬಿನವರು ರಿಪೋರ್ಟನ್ನು ಕಂಪ್ಯೂಟರಿನಲ್ಲಿ ಅದರ ಜಾಗಕ್ಕೆ ಹಾಕಿದ್ದರು. ಲ್ಯಾಬಿನಿಂದ ಯಾರೋ ಕೌಂಟರಿಗೆ ಫೋನ್ ಕೂಡ ಮಾಡಿದ್ದರಂತೆ: "ಆ ಮಗೂದು ಸ್ವಲ್ಪ ಅರ್ಜೆಂಟು, ಡಾಕ್ಟ್ರಿಗೆ ತೋರ್ಸಿ." ಕೌಂಟರಿನವರು ಪರದೆ ನೋಡಿ, "ಇಲ್ಲಿ ಬಂದೇ ಇಲ್ವಲ್ಲ ಸಾರ್," ಅಂದರಂತೆ. "ಹಾಕಿದೀವಿ, ಬರತ್ತೆ," ಅಂದು ಅವರೂ ಫೋನಿಟ್ಟರಂತೆ. ಎರಡು ಕೋಣೆಗಳ ನಡುವೆ ಇರುವುದು ಒಂದೇ ಕಾರಿಡಾರ್. ಮೂವತ್ತು ಹೆಜ್ಜೆ.

ಇತ್ತ ಮನೆಯಲ್ಲಿ ಮಗಳು ಮಲಗಿಯೇ ಇರುತ್ತಿದ್ದಳು. ಮೈಯ ಹಳದಿ ಇಳಿಯಲಿಲ್ಲ. ಎದೆಗೆ ಹಾಕಿಕೊಂಡರೆ ನಾಲ್ಕು ಗುಟುಕು, ಮತ್ತೆ ನಿದ್ದೆ. ಬಾಣಂತನಕ್ಕೆ ಬಂದಿದ್ದ ಅಮ್ಮನಿಗೆ ಖುಷಿಯೋ ಖುಷಿ. "ನೀನು ಹುಟ್ಟಿದಾಗ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ಎದ್ದು ಕೂತಿತ್ತು. ಇದು ಬಂಗಾರ ನೋಡು, ಅಳೋದೇ ಇಲ್ಲ." ಮನೆಯಲ್ಲಿ ನಿದ್ದೆಯಿಲ್ಲದವಳು ನಾನೊಬ್ಬಳೇ. ಮಗು ಮಲಗಿದೆಯಲ್ಲಾ ಎಂಬ ಭಯದಲ್ಲಿ ಎಚ್ಚರವಿದ್ದ ತಾಯಿಯನ್ನು ನೀನೆಲ್ಲಾದರೂ ಕಂಡಿದ್ದೀಯಾ? ಹಾಲು ಕುಡಿದ ಹೊತ್ತನ್ನೆಲ್ಲ ಬರೆದಿಟ್ಟೆ. ಅಮ್ಮ ನನ್ನ ಆಫೀಸ್ ಬ್ಯಾಗಿನಿಂದ ಒಂದು ಮಗ್ಗುಲು ಖಾಲಿಯಿದ್ದ ಹಾಳೆಗಳನ್ನು ತೆಗೆದು, ಖಾಲಿ ಮಗ್ಗುಲು ಮೇಲೆ ಮಾಡಿ, ರಟ್ಟಿಗೆ ಕ್ಲಿಪ್ ಹಾಕಿಕೊಟ್ಟಿದ್ದಳು. ದಿನಕ್ಕೆರಡು ಸಲ ರಾಣಿಗೆ ಫೋನ್. "ಇನ್ನೂ ಬಂದಿಲ್ಲ ಮೇಡಂ. ಲಿಸ್ಟಲ್ಲಿದೆ, ನೋಡ್ತಾನೇ ಇದೆ."

ಮೂವತ್ತನೆಯ ತಾರೀಕು ಆ ಬೀದಿಗೆಲ್ಲ ಕರೆಂಟು ಹೋಯಿತು. ಕೌಂಟರಿನ ಯುಪಿಎಸ್ಸೂ ಕೈಕೊಟ್ಟಿತು. ಕಂಪ್ಯೂಟರ್ ಆರಿ ಮತ್ತೆ ಹತ್ತಿದ ಮರುನಿಮಿಷವೇ ಹಸಿರು. "ಬಂತು ಮೇಡಂ!" ಎಂದು ರಾಣಿ ಫೋನಿನಲ್ಲಿ ಸಂಭ್ರಮದಿಂದ ಕೂಗಿದಳು.

ಡಾಕ್ಟರು ರಿಪೋರ್ಟಿನ ತಾರೀಕು ನೋಡಿದರು, ಮಗುವನ್ನು ನೋಡಿದರು. "ಎರಡು ವಾರದೊಳಗೆ ಮಾತ್ರೆ ಶುರುವಾಗ್ಬೇಕಿತ್ತಮ್ಮಾ. ಮಿದುಳು ಬೆಳೆಯೋ ಹೊತ್ತು ಇದು." ಮುಂದೆ ಏನಾಗುತ್ತದೆ ಅಂದೆ. "ಏನೂ ಆಗದೇ ಇರಬಹುದು. ಎರಡು ಮೂರು ವರ್ಷ ನೋಡ್ತಾ ಹೋಗ್ಬೇಕು," ಅಂದರು. ಈಗ ದಿನಾ ಬೆಳಿಗ್ಗೆ ಮಾತ್ರೆ ಪುಡಿಮಾಡಿ ಒಂದು ಚಮಚ ಹಾಲಿನಲ್ಲಿ ಕದಡಿ ಕುಡಿಸುತ್ತೇನೆ.

ಅಮ್ಮ ಕೇಳಿದಳು, ಅದೆಂಥ ಕಂಪ್ಯೂಟರ್ ಅಂತ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕಥೆ ಹೇಳಿದೆ. ಮುನ್ನೂರೆರಡರಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದರೆ ಅವನು ಒಂದು ಸಲ ಮೆಟ್ಟಿಲು ಹತ್ತಿ ನೋಡಿ ಬಂದು ಇಲ್ಲ ಅಂತಾನೆ. ಮತ್ತೆ ಯಾರಾದರೂ ಕೇಳಿದರೆ ಹತ್ತುವುದಿಲ್ಲ, ಕೂತಲ್ಲಿಂದಲೇ ಇಲ್ಲ ಅಂತಾನೆ. ಕಂಪ್ಯೂಟರಿನೊಳಗೆ ಕರ್ನಲ್ ಅಂತ ಇರುವುದು ಇದೇ ಕೆಲಸ ಮಾಡುತ್ತದೆ. ಯಾವ ಕಡತ ಇಲ್ಲ ಎಂಬುದನ್ನೂ ನೆನಪಿಟ್ಟುಕೊಳ್ಳುತ್ತದೆ. ಇಲ್ಲದ್ದನ್ನೇ ಸಾವಿರ ಸಲ ಕೇಳುವವರಿರುತ್ತಾರೆ, ಪ್ರತಿ ಸಲ ದೂರದ ಡಿಸ್ಕಿನವರೆಗೆ ಹೋಗಿಬರುವುದು ದಂಡ.

"ಅಷ್ಟರಲ್ಲಿ ಮನೆಯವ್ರು ಹಿಂದಿನ ಬಾಗಿಲಿಂದ ಬಂದಿದ್ರೆ?"

"ಹತ್ತು ನಿಮಿಷ ಮಾತ್ರ ಅಮ್ಮ. ಹತ್ತು ನಿಮಿಷ ಆದ್ಮೇಲೆ ಕೇಳಿದ್ರೆ ಅವನು ಮತ್ತೆ ಹತ್ತಿ ನೋಡ್ಲೇಬೇಕು. ಹಾಗೆ ಬರೆದಿರೋದು."

"ಮತ್ತೆ ನಮಗ್ಯಾಕೆ ಇಪ್ಪತ್ತು ದಿನ ಆಯ್ತು?"

ಇದನ್ನೇ ನಿನಗೂ ಕೇಳುತ್ತಿದ್ದೇನೆ ಯಮುನಾ. ಹತ್ತು ನಿಮಿಷವನ್ನು ಮೊದಲನೆಯ ಇಲ್ಲದಿಂದ ಎಣಿಸಬೇಕು. ಆಸ್ಪತ್ರೆಗೆ ಹೋದ ಕೋಡಿನಲ್ಲಿ ಹಾಗಿಲ್ಲ. ಯಾರಾದರೂ ಕೇಳಿದಾಗಲೆಲ್ಲ ಹತ್ತು ನಿಮಿಷ ಹೊಸದಾಗಿ ಶುರುವಾಗುತ್ತದೆ. ಹತ್ತು ನಿಮಿಷ ಯಾರೂ ಕೇಳದೆ ಬಿಟ್ಟರೆ ಮಾತ್ರ ಆ ಇಲ್ಲ ಅಳಿಯುತ್ತದೆ. ನಿಮಿಷಕ್ಕೊಂದು ಸಲ ಕೇಳುತ್ತಿದ್ದರೆ ಆ ಇಲ್ಲಕ್ಕೆ ಸಾವೇ ಇಲ್ಲ. ಕರೆಂಟು ಹೋಗಿ ಕಂಪ್ಯೂಟರಿನ ನೆನಪೇ ಅಳಿಸಿದ್ದಕ್ಕೆ ಅದು ಹೋಯಿತು. ತಡವಾಗಿ ಬಂದು ಕೇಳಿದ ತಾಯಂದಿರಿಗೆಲ್ಲ ರಿಪೋರ್ಟ್ ಸಿಕ್ಕಿತು. ಮುಂಚೆಯೇ ಕೇಳಿದವಳಿಗೆ, ಬಿಡದೆ ಕೇಳಿದವಳಿಗೆ ಮಾತ್ರ ಸಿಗಲಿಲ್ಲ.

ನವೆಂಬರ್ 22ಕ್ಕೆ, ಹೆರಿಗೆ ರಜೆಗೆ ಮುಂಚಿನ ಕೊನೆಯ ದಿನ, ನಾನು ಅದನ್ನು ಸರಿಯಾಗಿಯೇ ಬರೆದು ನಿನ್ನ ಕೈಗೆ ಕೊಟ್ಟಿದ್ದೆ. ಆರು ಗಂಟೆಗೆ ನನ್ನ ಲಾಗಿನ್ ಮುಚ್ಚಿದ್ದರಿಂದ ನೀನು ನಿನ್ನ ಹೆಸರಿನಲ್ಲಿ ಕಳಿಸಿದೆ. ನಡುವೆ ಆ ಸಾಲನ್ನು ಯಾಕೆ ಬದಲಿಸಿದೆ? ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ? ಮ್ಯಾನೇಜರ್ ಆಕರ್ಷ್‌ಗೆ ನಾನು ಮೇಲ್ ಹಾಕಿದ್ದೂ ಇಷ್ಟನ್ನೇ: ಯಾರ ಹೆಸರಿದೆಯೋ ಅವರನ್ನು ಕೇಳಿ ಅಂತ. ತಪ್ಪೇನಿದೆ?

ಸುಕೃತಿ


ಕುಂದಲಹಳ್ಳಿ
2 ಫೆಬ್ರವರಿ 2025

ಸುಕೃತಿ,

ಮಗುವಿನ ವಿಷಯ ಓದಿದ ಮೇಲೆ ಬಹಳ ದಿನ ಏನೂ ಬರೆಯಲಾಗಲಿಲ್ಲ. ಅವಳ ಬಗ್ಗೆ ನನಗಿರುವ ಸಂಕಟವನ್ನು ಈ ಕಾಗದದ ಉಳಿದ ಮಾತುಗಳ ಜೊತೆ ಸೇರಿಸಿ ಓದಬೇಡ.

ಜನವರಿ 17ಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ನಿನ್ನ ಮೇಲ್ ಬಂದು ಹನ್ನೆರಡು ದಿನಕ್ಕೆ. ಆಕರ್ಷ್ ಒಂದು ಕೋಣೆಗೆ ಕರೆದು, "ಸುಕೃತಿನೇ ಹೇಳ್ತಿದಾರಲ್ಲಾ, ನಾನೇನು ಮಾಡ್ಲಿ?" ಅಂದ. ಹತ್ತು ನಿಮಿಷದಲ್ಲಿ ಗೇಟಿನ ಹೊರಗಿದ್ದೆ. ನಮ್ಮಪ್ಪ ಭೀಮಪ್ಪ ಯಾದಗಿರಿ ಕಡೆಯಿಂದ ಬಂದು ಅದೇ ಟೆಕ್ ಪಾರ್ಕಿನ ಮೂರನೇ ಬ್ಲಾಕಿಗೆ ಕಾಂಕ್ರೀಟು ಹಾಕಿದವನು. ನಾನು ಅಲ್ಲಿ ಕೆಲಸಕ್ಕೆ ಸೇರಿದ ದಿನ ಹೊರಗೆ ನಿಂತು ಒಂದು ಕಂಬ ತೋರಿಸಿ, "ಇದು ನಂದು ನೋಡವ್ವ," ಅಂದಿದ್ದ. ನಿನಗೆ ಹೇಳಿ ನಕ್ಕಿದ್ದೆ, ನೆನಪಿರಬಹುದು. ಈಗ ಅವನು ದಿನಾ ಕೇಳುತ್ತಾನೆ, "ಇವತ್ತೂ ರಜಾ ಏನವ್ವಾ?" "ಮನ್ಯಾಗಿಂದನ ಕೆಲ್ಸ ಅಪ್ಪಾ," ಅನ್ನುತ್ತೇನೆ.

ನಾನು ಯಾವ ಸಾಲನ್ನೂ ಬದಲಿಸಲಿಲ್ಲ. ನೀನು ಕೊಟ್ಟದ್ದನ್ನು ಕೊಟ್ಟ ಹಾಗೆ ಕಳಿಸಿದೆ. ಕಳಿಸುವ ಮುಂಚೆ ಕೇಳಿದೆ ಕೂಡ.

ನಮ್ಮಿಬ್ಬರ ಪದ್ಧತಿಯನ್ನಾದರೂ ಮರೆತಿಲ್ಲ ತಾನೇ? ಕಾಲೇಜಿನ ಲ್ಯಾಬ್ ರೆಕಾರ್ಡಿನ ಕಾಲದಿಂದ ಒಬ್ಬರ ಕೋಡನ್ನು ಇನ್ನೊಬ್ಬರು ಹಾಳೆಯ ಮೇಲೆ ಪ್ರಿಂಟ್ ತೆಗೆದು, ಅಂಚಿನಲ್ಲಿ ಕನ್ನಡದಲ್ಲಿ ಬೈದು ವಾಪಸ್ ಕೊಡುತ್ತಿದ್ದೆವು. ಟೀಮಿನಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ, ಎಷ್ಟು ಬೈದರೂ ಯಾರಿಗೂ ಗೊತ್ತಾಗದು ಅಂತ. ಆ ದಿನವೂ ಹಾಗೇ ಮಾಡಿದೆ. ನಾಲ್ಕನೆಯ ಹಾಳೆ, ಬಲಗಡೆಯ ಅಂಚು. ನನ್ನ ಪ್ರಶ್ನೆ ಕೆಂಪು ಶಾಯಿಯಲ್ಲಿ, ಅದರ ಕೆಳಗೆ ನಿನ್ನ ಉತ್ತರ.

ಆ ಹಾಳೆಗಳು ನಿನ್ನ ಹತ್ತಿರವೇ ಇವೆ. ತೆಗೆದು ನೋಡು.

ಯಮುನಾ


ವರ್ತೂರು
9 ಫೆಬ್ರವರಿ 2025

ಯಮುನಾ,

ಕೆಲಸ ಹೋದದ್ದು ನಿನ್ನ ಕಾಗದದಿಂದಲೇ ಗೊತ್ತಾಯಿತು. ಆಕರ್ಷ್ ನನಗೆ ಏನೂ ಹೇಳಿರಲಿಲ್ಲ. ಬೇಜಾರಾಯಿತು. ಅಪ್ಪನ ವಿಷಯ ಓದಿ ಇನ್ನೂ ಬೇಜಾರಾಯಿತು.

ಆದರೆ ಅಂಥ ಹಾಳೆ ಇಲ್ಲ. ಆ ಪ್ರಿಂಟುಗಳನ್ನೆಲ್ಲ ಆಫೀಸಿನಲ್ಲೇ ಬಿಟ್ಟು ಬಂದೆ, ಚೆನ್ನಾಗಿ ನೆನಪಿದೆ. ನೀನು ಹಾಗೆ ಕೇಳಿದ್ದರೆ ಅದೂ ನೆನಪಿರುತ್ತಿತ್ತು. ಆ ಒಂದು ಪ್ರಶ್ನೆಯನ್ನು ಮರೆಯುವವಳಾ ನಾನು? ಒಂಬತ್ತು ತಿಂಗಳ ಹೊಟ್ಟೆ ಹೊತ್ತುಕೊಂಡು ಮೂರು ವಾರ ಅದರ ಮೇಲೆ ಕೂತಿದ್ದೆ.

ನೀನು ಬೇಕಂತ ಮಾಡಿದೆ ಅಂತ ನಾನು ಅನ್ನುತ್ತಿಲ್ಲ. ಅವಸರದಲ್ಲಿ ಆಗಿರಬಹುದು. ಆದರೆ ಹೌದು, ಆಯಿತು ಅಂತ ಒಂದು ಮಾತು ಹೇಳಲೂ ನಿನ್ನಿಂದ ಆಗುತ್ತಿಲ್ಲವಲ್ಲಾ. ನಿನಗೆ ಇನ್ನೊಂದು ಕೆಲಸ ಸಿಗುತ್ತದೆ ಕಣೇ. ನನ್ನ ಮಗಳಿಗೆ ಇನ್ನೊಂದು ಡಿಸೆಂಬರ್ ಎಲ್ಲಿ ಸಿಗುತ್ತದೆ?

ನಾಮಕರಣ ಆಯಿತು. ಸಮನ್ವಿತಾ ಅಂತ ಇಟ್ಟೆವು. ನಿನಗೆ ಹೇಳಿಕಳಿಸಬೇಕೆಂದು ಮಗಳ ಅಪ್ಪ ಅಮೋಘ್ ಅಂದರು. ನಾನೇ ಬೇಡ ಅಂದೆ.

ಸುಕೃತಿ


ಕುಂದಲಹಳ್ಳಿ
2 ಮಾರ್ಚ್ 2025

ಸುಕೃತಿ,

ಒಂದೇ ಪ್ರಶ್ನೆ. ಎದ್ದು ಹೋಗಿ ನೋಡಿ ಇಲ್ಲ ಅಂದೆಯಾ, ಕೂತಲ್ಲಿಂದಲೇ ಇಲ್ಲ ಅಂದೆಯಾ?

ನವೆಂಬರ್ 22ರ ಸಂಜೆ ನಿನಗೆ ಬಗ್ಗಲು ಆಗುತ್ತಿರಲಿಲ್ಲ. ನಿನ್ನ ಬ್ಯಾಗನ್ನು ತುಂಬಿದವಳು ನಾನು. ನೀರಿನ ಬಾಟಲಿ, ಆ ಹಾಳೆಗಳು, ಅವುಗಳ ಮೇಲೆ ಮಗುವಿಗೆ ಅಂತ ನಮ್ಮವ್ವ ಹೆಣೆದ ಹಳದಿ ಟೋಪಿ. ಕ್ಯಾಬಿನವರೆಗೆ ಹೊತ್ತು ತಂದುಕೊಟ್ಟವಳೂ ನಾನೇ. ಟೋಪಿ ಸಿಕ್ಕಿದ್ದರೆ ಹಾಳೆಯೂ ಸಿಕ್ಕಿರಬೇಕು.

ನಿನಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ: ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಮೂರು ಸುತ್ತು ಸಂದರ್ಶನ ಮುಗಿದು ನನ್ನನ್ನು ಆರಿಸಿದ್ದರು. ಆಮೇಲೆ ಹಳೆಯ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದರು. ಈಗ, "ನಿಮ್ಮ ಕಡೆಯಿಂದ ಏನಾದ್ರೂ ಪ್ರೂಫ್ ಇದ್ರೆ ಕೊಡಿ, ತಿಂಗಳ ಕೊನೇವರೆಗೂ ಕಾಯ್ತೀವಿ," ಅನ್ನುತ್ತಿದ್ದಾರೆ. ನನ್ನ ಕಡೆಯಲ್ಲಿ ಏನೂ ಇಲ್ಲ. ಇರುವುದೆಲ್ಲ ನಿನ್ನ ಕಡೆ.

ಯಮುನಾ


ವರ್ತೂರು
13 ಏಪ್ರಿಲ್ 2025

ಯಮುನಾ,

ಆರು ವಾರ ಉತ್ತರ ಬರೆಯಲಿಲ್ಲ. ಯುಗಾದಿ ಬಂದು ಹೋಯಿತು. ಇವತ್ತು ಬರೆಯುತ್ತಿರುವುದು ಉತ್ತರವಲ್ಲ, ಒಪ್ಪಿಗೆ.

ನಾನು ಎದ್ದು ಹೋಗಿ ನೋಡಿರಲಿಲ್ಲ. ಕೂತಲ್ಲಿಂದಲೇ ಇಲ್ಲ ಅಂದೆ. ನೆನಪಿನಲ್ಲಿ ಇಲ್ಲ ಅಂತಿತ್ತು, ಅದನ್ನೇ ಎತ್ತಿ ಕೊಟ್ಟೆ. ನಿನ್ನ ಎರಡನೆಯ ಕಾಗದ ಬಂದಾಗ ಆ ಇಲ್ಲ ಇನ್ನೂ ಗಟ್ಟಿಯಾಯಿತು. ಟೋಪಿ ಇತ್ತು. ತೊಟ್ಟಿಲ ಕಂಬಕ್ಕೆ ಸಿಕ್ಕಿಸಿದ್ದೆ. ಅದನ್ನು ನೋಡುತ್ತಲೇ ನಿನ್ನ ಕಾಗದ ಮಡಿಸಿ ಡ್ರಾಯರಿಗೆ ಹಾಕಿದೆ.

ಮೊನ್ನೆ ತಪಾಸಣೆಗೆ ಹೋದಾಗ ಡಾಕ್ಟರು, "ಮೊದಲ ತಿಂಗಳು ಎಷ್ಟು ಹಾಲು ಕುಡೀತಿದ್ಲು, ಏನಾದ್ರೂ ಬರ್ದಿಟ್ಟಿದೀರಾ?" ಎಂದು ಕೇಳಿದರು. ಬರೆದಿದ್ದೆನಲ್ಲ. ಮನೆಗೆ ಬಂದು ಆ ರಟ್ಟು ಹುಡುಕಿ ತೆಗೆದೆ. ಊಟದ ಟೇಬಲ್ಲಿನ ಮೇಲೆ ಹಾಳೆಗಳನ್ನು ತಾರೀಕಿನ ಪ್ರಕಾರ ಜೋಡಿಸುತ್ತಿದ್ದೆ. ಫ್ಯಾನಿನ ಗಾಳಿಗೆ ಒಂದು ಹಾಳೆ ಹಾರಿ ನೆಲಕ್ಕೆ ಬಿತ್ತು, ಮಗುಚಿ ಬಿತ್ತು. ಕೆಂಪು ಶಾಯಿ.

ನಾಲ್ಕು ತಿಂಗಳಿಂದ ಅದು ನನ್ನ ಮೊಣಕೈ ಕೆಳಗೇ ಇತ್ತು. ಅಮ್ಮ ಖಾಲಿ ಮಗ್ಗುಲು ಮೇಲೆ ಮಾಡಿ ಕೊಟ್ಟಿದ್ದಳು, ನಾನು ಮಗುಚಿ ನೋಡಲೇ ಇಲ್ಲ.

ನೀನು ಬರೆದದ್ದು: "ಪ್ರತಿ ಸಲ ಕೇಳಿದಾಗಲೂ ಹೊಸ ಹತ್ತು ನಿಮಿಷವಾ? ಯಾರಾದರೂ ಬಿಡದೆ ಕೇಳುತ್ತಲೇ ಇದ್ದರೆ ಏನು ಗತಿ?"

ಅದರ ಕೆಳಗೆ ನನ್ನ ಅಕ್ಷರ: "ಅಷ್ಟು ಬಿಡದೆ ಯಾರು ಕೇಳ್ತಾರೆ? ಕಳಿಸು."

ಇಷ್ಟೇ. ಓದಿದ ಕೂಡಲೇ ಎಲ್ಲ ನೆನಪಾಯಿತು. ಆ ಆಸ್ಪತ್ರೆಯ ಯಂತ್ರಗಳು ಇಲ್ಲದ ಹೆಸರುಗಳನ್ನೇ ದಿನಕ್ಕೆ ಲಕ್ಷ ಸಲ ಕೇಳಿ ಸರ್ವರನ್ನು ಸುಸ್ತು ಮಾಡುತ್ತಿದ್ದವು. ಅದಕ್ಕೇ, ಕೇಳುವವರ ಬಾಯಿ ಮುಚ್ಚಿಸಲೆಂದೇ, ನಾನು ಹಾಗೆ ಬರೆದೆ. ಬುದ್ಧಿವಂತಿಕೆಯ ಸಾಲು ಅಂತ ಬೀಗಿದ್ದೆ ಕೂಡ. ಅದೇ ಹಾಳೆಯ ಹಿಂಬದಿ: "ಡಿ. 14. ಬೆ. 6.10, ಎಡ, 3 ನಿಮಿಷ, ನಿದ್ದೆ. 9.40, ಬಲ, 2 ನಿಮಿಷ, ನಿದ್ದೆ. ರಾಣಿಗೆ ಫೋನ್, ಬಂದಿಲ್ಲ."

ಅಮೋಘ್‌ಗೆ ತೋರಿಸಿದೆ. "ಯಾರಿಗೂ ತೋರಿಸ್ಬೇಡ," ಅಂದರು. "ಪಾಪುನ ತೋರಿಸಕ್ಕೆ ಮೂರು ವರ್ಷ ಓಡಾಡ್ಬೇಕು. ನಿಮ್ಮಿಬ್ರಲ್ಲಿ ಒಬ್ರು ಕೆಲ್ಸ ಕಳ್ಕೊಂಡಾಗಿದೆ, ಇನ್ನೊಬ್ರೂ ಕಳ್ಕೊಂಡ್ರೆ ಯಾರಿಗೆ ಲಾಭ ಹೇಳು." ಅಮ್ಮ ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋದಳು.

ನಿನಗೆ ಮಾತ್ರ ಹೇಳುತ್ತಿದ್ದೇನೆ. ನನ್ನನ್ನು ಕ್ಷಮಿಸುತ್ತೀಯಾ?

ಸುಕೃತಿ


ಕುಂದಲಹಳ್ಳಿ
21 ಏಪ್ರಿಲ್ 2025

ಸುಕೃತಿ,

ಎಲೆಕ್ಟ್ರಾನಿಕ್ ಸಿಟಿಯವರು ಏಪ್ರಿಲ್ ಒಂದಕ್ಕೆ ಆ ಜಾಗವನ್ನು ಬೇರೆಯವರಿಗೆ ಕೊಟ್ಟರು.

ನನಗೆ ಹೇಳಿ ಏನು ಉಪಯೋಗ? ಆ ಸಾಲನ್ನು ನಾನು ಬರೆದಿಲ್ಲ ಅನ್ನುವುದು ನನಗೆ ಮೊದಲೇ ಗೊತ್ತಿತ್ತಲ್ಲ. ಗೊತ್ತಿಲ್ಲದವರಿಗೆ ಹೇಳು.

ಯಮುನಾ


ವರ್ತೂರು
8 ಜೂನ್ 2025

ಯಮುನಾ,

ಹೇಳಿದೆ. ಹೇಳಿ ಏನಾಯಿತು ಎಂಬುದನ್ನೂ ಕೇಳು.

ಏಪ್ರಿಲ್ ಕೊನೆಗೆ ಕಂಪನಿಗೆ ಬರೆದೆ. ಆ ಸಾಲು ನನ್ನದು, ಯಮುನಾ ಎಚ್ಚರಿಸಿದ್ದಳು, ನಾನು ಕೇಳಲಿಲ್ಲ, ಅವಳ ಮೇಲಿನ ಆರೋಪ ಸುಳ್ಳು ಎಂದು. ಎರಡು ದಿನಕ್ಕೆ ಉತ್ತರ ಬಂತು: ಈ ವಿಷಯವನ್ನು ಈಗಾಗಲೇ ಪರಿಶೀಲಿಸಿ ಮುಕ್ತಾಯಗೊಳಿಸಲಾಗಿದೆ. ಮತ್ತೆ ಬರೆದೆ, ಹಾಳೆಯ ಫೋಟೋ ಸೇರಿಸಿ. ಅದೇ ಉತ್ತರ, ಒಂದಕ್ಷರ ಬದಲಿಲ್ಲ. ಮೂರನೆಯ ಸಲ ಬರೆದದ್ದಕ್ಕೆ ಹತ್ತೇ ನಿಮಿಷದಲ್ಲಿ ಅದೇ ಉತ್ತರ. ಯಾರೂ ಮೆಟ್ಟಿಲು ಹತ್ತಲಿಲ್ಲ. ನಾನು ಕಲಿಸಿದ್ದನ್ನೇ ನನಗೆ ತೋರಿಸುತ್ತಿದ್ದಾರೆ ಅನ್ನಿಸಿತು.

ಮೇ ತಿಂಗಳಲ್ಲಿ ಮಗುವನ್ನೂ ಎತ್ತಿಕೊಂಡು ನಿಮ್ಮ ಮನೆಗೆ ಬಂದಿದ್ದೆ. "ಯಮುನಾ ಇಲ್ಲವ್ವಾ," ಅಂದರು ನಿಮ್ಮವ್ವ ಚನ್ನಕ್ಕ. ನಿನ್ನ ಚಪ್ಪಲಿ ಬಾಗಿಲಲ್ಲೇ ಇತ್ತು. ಎರಡು ದಿನ ಬಿಟ್ಟು ಮತ್ತೆ ಬಂದೆ. ಮತ್ತೆ ಇಲ್ಲ. ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಇಲ್ಲ ಅಂದರು. ಆದರೂ ಮಗುವಿನ ಕೆನ್ನೆ ಮುಟ್ಟಿ, "ಟೋಪಿ ಬಿಗಿ ಆಗೇತಿ," ಅಂದರು.

ಹೋದ ಸೋಮವಾರ ಕೆಲಸಕ್ಕೆ ವಾಪಸ್ಸಾದೆ. ನನ್ನನ್ನು ಕೂರಿಸಿದ್ದು ನಿನ್ನ ಕುರ್ಚಿಯಲ್ಲಿ. ನಿನ್ನ ಜಾಗ, ನಿನ್ನ ಹುದ್ದೆ. ಡ್ರಾಯರಿನಲ್ಲಿ ನಿನ್ನ ಕೆಂಪು ಪೆನ್ನು ಇನ್ನೂ ಇತ್ತು. ಮಧ್ಯಾಹ್ನದೊಳಗೆ ಆ ಸಾಲನ್ನು ತಿದ್ದಿದೆ. ಜನವರಿಯಲ್ಲಿ ಆಸ್ಪತ್ರೆಯಲ್ಲಿ ಅದನ್ನು ಆಫ್ ಮಾಡಿಟ್ಟಿದ್ದರು ಅಷ್ಟೇ, ತಿದ್ದಿರಲಿಲ್ಲ. ಬದಲಿಸಬೇಕಾಗಿದ್ದದ್ದು ಒಂದೇ ಸಾಲು ಕಣೇ. ನನ್ನ ಹೆಸರಿನಲ್ಲೇ ಕಳಿಸಿದೆ.

ಆಮೇಲೆ ಅಸಲು ಹಾಳೆಯನ್ನು ಹಿಡಿದು ಆಕರ್ಷ್ ಮುಂದೆ ಕೂತೆ.

"ಸುಕೃತಿ, ಆ ಫೈಲು ಕ್ಲೋಸ್ ಆಗಿದೆ ಕಣ್ರೀ."

"ತೆಗೀರಿ. ಇದನ್ನ ಓದಿ."

"ನಂಗೆ ಕನ್ನಡ ಮಾತಾಡಕ್ಕೆ ಬರತ್ತೆ, ಓದಕ್ಕೆ ಬರಲ್ಲ, ಗೊತ್ತಲ್ವಾ?" ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದ. "ಇದೇನು, ಟೈಮ್‌ಟೇಬಲ್ಲಾ?"

"ನನ್ನ ಮಗಳು ಹಾಲು ಕುಡಿದಿದ್ದು."

ಅವನು ಅದನ್ನು ಮೆಲ್ಲಗೆ ಟೇಬಲ್ಲಿನ ಮೇಲಿಟ್ಟ. "ನೋಡ್ರೀ, ಈಗ ತೆಗೆದ್ರೆ ಅವಳು ವಾಪಸ್ ಬರಲ್ಲ. ನೀವೂ ಹೋಗ್ತೀರ. ಮನೇಲಿ ಮಗು ಇದೆ. ಊಟ ಮಾಡಿದ್ರಾ?"

ಊಟ ಮಾಡಿದೆ. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ರಾಜೀನಾಮೆ ಕೊಡಲಿಲ್ಲ. ನಿನ್ನ ಕುರ್ಚಿಯಲ್ಲೇ ಕೂತು ಸಂಜೆಯವರೆಗೆ ಕೆಲಸ ಮಾಡಿ, ಹಾಲು ಸುರಿದು ಒದ್ದೆಯಾದ ಕುರ್ತಾದ ಮೇಲೆ ದುಪಟ್ಟಾ ಎಳೆದುಕೊಂಡು ಬಸ್ಸು ಹತ್ತಿದೆ.

ಸಮನ್ವಿತಾಗೆ ಆರು ತಿಂಗಳು. ಹೆಸರು ಕರೆದರೆ ತಿರುಗುತ್ತಾಳಾ ಎಂದು ಡಾಕ್ಟರು ನೋಡಿದರು. ಕರೆದೆ. ಇಲ್ಲ. ಕರೆದೆ. ಇಲ್ಲ. ಮೂರನೆಯ ಸಲ ತಿರುಗಿ ನೋಡಿದಳು. ಇದು ತಡವೋ ಅಲ್ಲವೋ ಎಂದು ಅವರು ಹೇಳಲಿಲ್ಲ, ಬರೆದುಕೊಂಡರು.

ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅಸಲು. ನಕಲು ಇಟ್ಟುಕೊಂಡಿಲ್ಲ, ಫೋನಿನ ಫೋಟೋವನ್ನೂ ಅಳಿಸಿದ್ದೇನೆ. ಯಾರಿಗೆ ಬೇಕಾದರೂ ತೋರಿಸು, ನನ್ನ ಹೆಸರು ಹೇಳು. ನನ್ನ ಕೈಯಲ್ಲಿದ್ದರೆ ನಾಳೆ ಯಾರಾದರೂ ಕೇಳಿದಾಗ ಮತ್ತೆ ಇಲ್ಲ ಅಂದುಬಿಡುತ್ತೇನೇನೋ ಎಂಬ ಭಯ.

ಕ್ಷಮಿಸು ಕಣೇ. ಒಂದು ಸಾಲು ಬರೆ. ಬ್ಲಾಕ್ ತೆಗೆ. ಒಂದು ಸಲ ಮಾತಾಡು.

ಸುಕೃತಿ


ಕುಂದಲಹಳ್ಳಿ
6 ಜುಲೈ 2025

ಸುಕೃತಿ,

ಹಾಳೆ ತಲುಪಿತು. ಎರಡೂ ಮಗ್ಗುಲು ಓದಿದೆ. ಹಿಂಬದಿಯನ್ನು ಮೊದಲು ಓದಿದೆ.

ಪೀಣ್ಯದಲ್ಲಿ ಲೇಥು, ಮಿಲ್ಲಿಂಗ್ ಯಂತ್ರಗಳಿಗೆ ಕಂಟ್ರೋಲರ್ ಮಾಡುವ ಒಂದು ಕಾರ್ಖಾನೆಯಿದೆ. ಅವರೂ ಅದೇ ಪ್ರಶ್ನೆ ಕೇಳಿದರು, ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಅಂತ. ಹಾಳೆಯನ್ನು ಮುಂದಿಟ್ಟೆ. ಅಲ್ಲಿದ್ದವರಿಗೆ ಕನ್ನಡ ಬರುತ್ತಿರಲಿಲ್ಲ. ನಾನೇ ನಿನ್ನ ಅಕ್ಷರವನ್ನು ಗಟ್ಟಿಯಾಗಿ ಓದಿ ಇಂಗ್ಲಿಷಿನಲ್ಲಿ ಹೇಳಬೇಕಾಯಿತು: ಅಷ್ಟು ಬಿಡದೆ ಯಾರು ಕೇಳುತ್ತಾರೆ, ಕಳಿಸು. ಒಬ್ಬರು ನಕ್ಕರು. ಹಾಗೆ ಬಿಡದೆ ಕೇಳಿದವಳು ಯಾರು ಎಂಬುದನ್ನು ನಾನು ಹೇಳಲಿಲ್ಲ.

ಕೆಲಸ ಕೊಟ್ಟರು. ಮೊದಲಿಗಿಂತ ಎರಡು ಮೆಟ್ಟಿಲು ಕೆಳಗೆ. ಕುಂದಲಹಳ್ಳಿಯಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಮೆಟ್ರೋ. ಹೋಗಿಬರುವುದರಲ್ಲೇ ಮೂರು ಗಂಟೆ ಕಳೆಯುತ್ತದೆ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ಕಂಬ ನಂದ ಐತಲ್ಲ, ಅದನ್ನ ಕೀಳಾಕ ಅವರ ಕೈಲಿ ಆಗಂಗಿಲ್ಲ ಬಿಡು," ಅಂದ. ಅಂದು ಎದ್ದು ಹೊರಗೆ ಹೋದ.

ಕಾರ್ಖಾನೆಯವರು ಜೆರಾಕ್ಸ್ ಮಾಡಿಕೊಂಡದ್ದು ಮುಂಬದಿಯನ್ನು ಮಾತ್ರ. ಅಸಲನ್ನು ನಿನಗೆ ವಾಪಸ್ ಕಳಿಸುತ್ತಿದ್ದೇನೆ. ಹಿಂಬದಿ ನನ್ನದಲ್ಲ. ಡಾಕ್ಟರಿಗೆ ಅದು ಬೇಕಾಗಬಹುದು. ಜೊತೆಗೆ ಅವ್ವ ಇನ್ನೊಂದು ಟೋಪಿ ಕಳಿಸಿದ್ದಾಳೆ, ಸ್ವಲ್ಪ ದೊಡ್ಡದು. ಅದು ಅವಳು ಕಳಿಸಿದ್ದು, ನಾನಲ್ಲ.

ಇನ್ನು ನೀನು ಕೇಳಿದ್ದು. ಏಪ್ರಿಲಿನಲ್ಲಿ ಕೇಳಿದೆ. ಮೇ ತಿಂಗಳಲ್ಲಿ ಮೂರು ಸಲ ಬಾಗಿಲಿಗೆ ಬಂದು ಕೇಳಿದೆ. ಜೂನಿನಲ್ಲಿ ಮತ್ತೆ ಕೇಳಿದೆ. ಆ ಒಂದೊಂದು ಸಲವೂ ನಾನು ಒಳಗೆ ಗೋಡೆಗೆ ಒರಗಿ ಕೂತು ಇಲ್ಲ ಅಂದುಕೊಂಡೆ. ನೀನು ಕೇಳಿದಾಗಲೆಲ್ಲ ಅದು ಹೊಸದಾಗುತ್ತಿದೆ ಸುಕೃತಿ, ಹಳೆಯದಾಗಲು ನೀನು ಬಿಡುತ್ತಿಲ್ಲ.

ಇನ್ನು ಬರೆಯಬೇಡ, ಬರಬೇಡ, ಕೇಳಬೇಡ. ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದು ನಿನಗೆ ಗೊತ್ತಿದೆ. ಆ ಸಾಲನ್ನು ಬರೆದವಳೂ ನೀನೇ.

ಯಮುನಾ